ಅಜ್ಜಿಯ ಚಾಕು

ಟೊಮೆಟೊ ಹಣ್ಣಿನಷ್ಟು ಮೆತ್ತಗಿನ ಪದಾರ್ಥ ಅಡುಗೆಮನೆಯಲ್ಲಿ ಇನ್ನೊಂದಿರಲಾರದು. ಆದರೂ ಚಾಕುವಿನ ಮಾನ ಕಳೆಯುವುದು ಅದೇ. ಗಟ್ಟಿ ಕುಂಬಳಕಾಯಿಯನ್ನಾದರೂ ತೋಳಿನ ಬಲ ಹಾಕಿ ಹೇಗೋ ಸೀಳಬಹುದು. ಟೊಮೆಟೊದ ನುಣುಪು ಸಿಪ್ಪೆಯ ಮೇಲೆ ಮೊಂಡು ಚಾಕು ಜಾರುತ್ತದೆ. ಮಾಕಳಿಯ ಆ ಮನೆಯಲ್ಲಿ ಆದದ್ದೂ ಅಷ್ಟೆ. ಬೆಳಿಗ್ಗೆ ಏಳೂವರೆಯ ಹೊತ್ತು. ಮಗ ಪೀಣ್ಯದ ಕಾರ್ಖಾನೆಗೆ, ಸೊಸೆ ಗಾರ್ಮೆಂಟ್ಸ್‌ಗೆ, ಮೊಮ್ಮಗ ಕಾಲೇಜಿಗೆ ಹೊರಡುವ ಗಡಿಬಿಡಿ. ಆ ಗಡಿಬಿಡಿಯಲ್ಲಿ ಚಾಕು ಜಾರಿ ಅಜ್ಜಿಯ ಎಡಗೈ ಹೆಬ್ಬೆರಳಿಗೆ ಇಳಿಯಿತು.

ಗಾಯವೇನೋ ಚಿಕ್ಕದೇ. ಆದರೆ ಅಜ್ಜಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೇರೆಯವರಿಗೆ ನಾಲ್ಕು ದಿನದಲ್ಲಿ ಮಾಯುವ ಗಾಯ ಅವಳಿಗೆ ಮೂರು ವಾರ ಹಿಡಿಯಿತು. ನಡುವೆ ಕೀವಾಗಿ, ಮಗ ಒಂದು ದಿನದ ಸಂಬಳ ಬಿಟ್ಟು ಅವಳನ್ನು ನೆಲಮಂಗಲದ ಡಾಕ್ಟರ ಬಳಿಗೆ ಕರೆದೊಯ್ಯಬೇಕಾಯಿತು. ಡಾಕ್ಟರು ಬೈಯಲಿಲ್ಲ, ಮೆಲುದನಿಯಲ್ಲಿ, ಇಂಥ ಗಾಯ ಕೆಟ್ಟರೆ ಬೆರಳಿಗೇ ಸಂಚಕಾರ ಎಂದರು. ಬೈದಿದ್ದರೇ ವಾಸಿಯಿತ್ತು. ಅಂದು ಸಂಜೆಯೇ ಮಗ ಮನೆಯಲ್ಲಿ ಕಾನೂನು ಮಾಡಿಬಿಟ್ಟ: "ಅವ್ವಾ, ಇನ್ಮೇಲೆ ನೀನು ಚಾಕು ಮುಟ್ಟೋ ಹಂಗಿಲ್ಲ."

ಅಜ್ಜಿ ಮಾತನಾಡಲಿಲ್ಲ. ಮಾತನಾಡದ ಅಜ್ಜಿಯನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ.

ಅವಳು ಮಧುಗಿರಿ ಕಡೆಯವಳು. ಐವತ್ತು ವರ್ಷ ತರಕಾರಿ ಹೆಚ್ಚಿದ್ದು ಈಳಿಗೆಮಣೆಯ ಮೇಲೆ. ಈಗಿನ ಹುಡುಗರಲ್ಲಿ ಕೆಲವರು ಈಳಿಗೆಮಣೆಯನ್ನು ನೋಡಿಯೇ ಇರಲಾರರು. ಮಣೆಯ ಮೇಲೆ ಕಾಲು ಮಡಿಸಿ ಕುಳಿತು, ಎರಡೂ ಕೈಯಲ್ಲಿ ಕಾಯಿ ಹಿಡಿದು, ಎದುರಿಗೆ ಹೆಡೆಯೆತ್ತಿದ ಅಲಗಿನ ಮೇಲೆ ಒತ್ತುವುದು. ಅಲ್ಲಿ ಅಲಗು ತರಕಾರಿಯ ಬಳಿಗೆ ಹೋಗುವುದಿಲ್ಲ, ತರಕಾರಿಯೇ ಅಲಗಿನ ಬಳಿಗೆ ಬರಬೇಕು. ಮೊಣಕಾಲು ಸವೆದ ಮೇಲೆ ನೆಲದ ಮೇಲೆ ಕೂರಬಾರದೆಂದು ವೈದ್ಯರು ಹೇಳಿದ್ದರಿಂದ ಈಳಿಗೆಮಣೆ ಅಟ್ಟ ಸೇರಿತು. ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ ಪ್ಲಾಸ್ಟಿಕ್ ಹಿಡಿಯ, ಕನ್ನಡಿಯಂತೆ ಹೊಳೆಯುವ ಒಂದು ಸ್ಟೀಲ್ ಚಾಕು ಬಂತು. ಹೆಬ್ಬೆರಳಿಗೆ ಇಳಿದದ್ದು ಅದೇ.

ಅಡುಗೆಯನ್ನು ಸೊಸೆಗೆ ಬಿಟ್ಟುಕೊಟ್ಟು ವರ್ಷಗಳಾಗಿದ್ದವು. ಬಟ್ಟೆಗೆ ಮಶೀನು ಬಂದಿತ್ತು. ಆ ಮನೆಯಲ್ಲಿ ಅಜ್ಜಿಯದು ಎಂದು ಉಳಿದಿದ್ದ ಕೆಲಸ ಒಂದೇ: ಬೆಳಿಗ್ಗೆ ಹೆಚ್ಚಿಕೊಡುವುದು. ಅದೂ ಹೋದ ಮೇಲೆ ಸೊಸೆ ಅರ್ಧ ಗಂಟೆ ಮುಂಚೆ ಏಳತೊಡಗಿದಳು, ಅಜ್ಜಿ ಒಂದು ಗಂಟೆ ತಡವಾಗಿ. ಮೊದಮೊದಲು ಯಾರಿಗೂ ಅದು ತಿಳಿಯಲಿಲ್ಲ. ತಿಳಿದದ್ದು ಮೊಮ್ಮಗನಿಗೆ.

ಅವನು ಡಿಪ್ಲೊಮಾ ಮೆಕ್ಯಾನಿಕಲ್ ಎರಡನೆಯ ವರ್ಷದ ಹುಡುಗ. "ಅಜ್ಜಿ, ಗಾಯ ಆಗಿದ್ದು ಚಾಕು ಚೂಪಾಗಿತ್ತು ಅಂತಲ್ಲ, ಮೊಂಡಾಗಿತ್ತು ಅಂತ. ಮೊಂಡಿಗೆ ಬಲ ಹಾಕಬೇಕು, ಬಲ ಹಾಕಿದರೆ ಜಾರುತ್ತೆ. ನಾನೇ ನಿನಗೆ ಒಂದು ಚಾಕು ಮಾಡಿಕೊಡ್ತೀನಿ" ಎಂದ. ಹುಡುಗ ಹೇಳಿದ್ದು ಸರಿಯೇ. ಆದರೆ ಚಾಕು ಮಾಡುವುದೆಂದರೆ ತಗಡನ್ನು ಚಾಕುವಿನ ಆಕಾರಕ್ಕೆ ಕತ್ತರಿಸುವುದು ಎಂದುಕೊಂಡಿದ್ದ, ಅಷ್ಟೇ ತಪ್ಪು.

ಮಾಕಳಿಯಿಂದ ಪೀಣ್ಯದವರೆಗೆ ತುಮಕೂರು ರಸ್ತೆಯ ಎಡಬಲದಲ್ಲಿ ಸ್ಟೀಲಿಗೆ ಬರವೇ? ಸ್ನೇಹಿತನ ಮಾವನ ವರ್ಕ್‌ಶಾಪಿನಲ್ಲಿ ಹಾಲಿನ ಟ್ಯಾಂಕು ಮಾಡಿ ಉಳಿದ ಎರಡು ಮಿಲಿಮೀಟರ್ ದಪ್ಪದ ತಗಡಿನ ತುಂಡು ಸಿಕ್ಕಿತು. ಅದು 304 ನಂಬರಿನ ಸ್ಟೀಲು, ನೂರಕ್ಕೆ ಸುಮಾರು ಹದಿನೆಂಟು ಪಾಲು ಕ್ರೋಮಿಯಂ, ಎಂಟು ಪಾಲು ನಿಕ್ಕಲ್. ಒಳ್ಳೆಯ ಪಾತ್ರೆಗಳ ಸ್ಟೀಲು ಇದೇ. ಹುಡುಗ ಭಾನುವಾರವಿಡೀ ಗ್ರೈಂಡಿಂಗ್ ವೀಲ್ ಮುಂದೆ ನಿಂತು ಅಲಗು ಮಾಡಿದ, ಬೀಟೆ ಮರದ ಹಿಡಿ ಕೂರಿಸಿದ, ಬಟ್ಟೆಯ ಚಕ್ರಕ್ಕೆ ಒಡ್ಡಿ ಹೊಳಪು ಕೊಟ್ಟ. ಮೊದಲ ದಿನ ಅದು ಟೊಮೆಟೊ ಕೊಯ್ದಿತು. ಎರಡನೆಯ ದಿನ ಈರುಳ್ಳಿ. ಮೂರನೆಯ ದಿನ ಅದಕ್ಕೂ ಒಗ್ಗರಣೆ ಸೌಟಿಗೂ ವ್ಯತ್ಯಾಸ ಉಳಿಯಲಿಲ್ಲ.

"ಥಳಥಳ ಅಂತೈತೆ, ಆದ್ರೆ ಬಾಯಿಲ್ಲ ಕಣಪ್ಪ ಇದಕ್ಕೆ" ಎಂದಳು ಅಜ್ಜಿ. ಅಲಗಿನ ಅಂಚಿಗೆ ಆ ಕಡೆ ಬಾಯಿ ಎನ್ನುತ್ತಾರೆ.

ಹುಡುಗನ ಅಪ್ಪ ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೀಟ್ ಟ್ರೀಟ್‌ಮೆಂಟ್ ಕೆಲಸದವನು. ಊರಿನ ಮಾತಿನಲ್ಲಿ ಹೇಳುವುದಾದರೆ ಕಬ್ಬಿಣಕ್ಕೆ ಹದ ಹಾಕುವವನು. ಗೇರು, ಷಾಫ್ಟು, ಡೈಗಳನ್ನು ಕುಲುಮೆಯಲ್ಲಿ ಕಾಯಿಸಿ ಎಣ್ಣೆಯಲ್ಲಿ ಅದ್ದಿ ತೆಗೆಯುವುದೇ ಅವನ ದಿನಚರಿ. ಮನೆಗೆ ಬಂದರೆ ಮಾತು ಕಡಿಮೆ. ಮಗ ಕಂಪ್ಯೂಟರ್ ಓದಲಿಲ್ಲವೆಂಬ ಅಸಮಾಧಾನ ಒಳಗೊಳಗೇ ಇತ್ತು. ತನ್ನ ಕೆಲಸದ ವಿಷಯ ಮನೆಯಲ್ಲಿ ಆಡುತ್ತಿರಲಿಲ್ಲ. ಮಗನ ಚಾಕುವನ್ನು ಕೈಯಲ್ಲಿ ಹಿಡಿದು ನೋಡಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ದೇವರ ಚಿತ್ರದ ಅಯಸ್ಕಾಂತ ತೆಗೆದು ಅಲಗಿನ ಮೇಲಿಟ್ಟ. ಅದು ಟಪ್ಪನೆ ಕೆಳಗೆ ಬಿತ್ತು.

"ಅಂಟಲಿಲ್ಲ ಅಂದ್ರೆ ಒರಿಜಿನಲ್ ಸ್ಟೀಲು ಅಂತ ತಾನೆ?" ಎಂದಳು ಹುಡುಗನ ಅಮ್ಮ. ಪಾತ್ರೆ ಅಂಗಡಿಗೆ ಅಯಸ್ಕಾಂತ ಒಯ್ದು ಪರೀಕ್ಷಿಸುವ ಜಾಣೆಯರಲ್ಲಿ ಅವಳೂ ಒಬ್ಬಳು.

"ಪಾತ್ರೆಗೆ ಸರಿ. ಚಾಕುಗೆ ಅಂಟಬೇಕು" ಎಂದ ಅಪ್ಪ. ಅಷ್ಟೇ ಹೇಳಿ ಕೈ ತೊಳೆಯಲು ಹೋದ.

ಈ ಅಯಸ್ಕಾಂತದ ಪರೀಕ್ಷೆ ನಮ್ಮ ಹೆಂಗಸರಿಗೆ ಯಾರು ಹೇಳಿಕೊಟ್ಟರೋ, ಅರ್ಧ ನಿಜ, ಅರ್ಧ ಮೋಸ. ಸ್ಟೇನ್‌ಲೆಸ್ ಸ್ಟೀಲು ಎಂಬುದು ಒಂದು ಲೋಹವಲ್ಲ, ಒಂದು ಒಟ್ಟು ಕುಟುಂಬ. ಕಬ್ಬಿಣಕ್ಕೆ ನೂರಕ್ಕೆ ಹತ್ತೂವರೆ ಪಾಲಿಗಿಂತ ಹೆಚ್ಚು ಕ್ರೋಮಿಯಂ ಬೆರೆತರೆ ಅದರ ಮೈಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ತಾನಾಗಿ ಹುಟ್ಟುತ್ತದೆ. ಕ್ರೋಮಿಯಂ ಗಾಳಿಯಲ್ಲಿನ ಆಮ್ಲಜನಕದೊಡನೆ ಸೇರಿ ಕಟ್ಟಿಕೊಂಡ ಆ ಪೊರೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದ ಕೆಲವು ಪಾಲು ಮಾತ್ರ. ಗೀಚಿದರೆ ಹರಿಯುತ್ತದೆ, ಹರಿದಲ್ಲೇ ಮತ್ತೆ ಕಟ್ಟಿಕೊಳ್ಳುತ್ತದೆ. ತುಕ್ಕು ಬಾರದಿರುವ ಗುಟ್ಟು ಇದೇ. ಅಯಸ್ಕಾಂತಕ್ಕೂ ಈ ಪೊರೆಗೂ ಸಂಬಂಧವಿಲ್ಲ. ಅಯಸ್ಕಾಂತ ಹೇಳುವುದು ಒಳಗಿನ ಪರಮಾಣುಗಳ ಜೋಡಣೆಯನ್ನು. ನಿಕ್ಕಲ್ ಬೆರೆತ 304ರಲ್ಲಿ ಆ ಜೋಡಣೆ ಒಂದು ತೆರ, ಅಯಸ್ಕಾಂತಕ್ಕೆ ಅದು ಸೊಪ್ಪು ಹಾಕುವುದಿಲ್ಲ. ನಿಕ್ಕಲ್ಲಿನ ಬದಲು ಮ್ಯಾಂಗನೀಸ್ ಹೆಚ್ಚು ಹಾಕಿದ ಅಗ್ಗದ 200ರ ಸಾಲಿನ ಸ್ಟೀಲೂ ಹಾಗೆಯೇ. ಆದ್ದರಿಂದ ಅಂಗಡಿಯವ 304 ಎಂದು ಹೇಳಿ 202 ಕೊಟ್ಟರೆ ಅಯಸ್ಕಾಂತ ಬಾಯಿ ಬಿಡುವುದಿಲ್ಲ. ಇನ್ನೊಂದು ಕಡೆ, 1992ರಿಂದ ಕೆಲವು ವರ್ಷ ಬಂದ ಒಂದು ರೂಪಾಯಿಯ ಸ್ಟೀಲ್ ನಾಣ್ಯವನ್ನು ಹುಂಡಿಯಿಂದ ಹುಡುಕಿ ತೆಗೆದು ಅಯಸ್ಕಾಂತ ಹಿಡಿದು ನೋಡಿ. ಗಪ್ಪನೆ ಅಂಟುತ್ತದೆ. ಅದರಲ್ಲಿ ಕ್ರೋಮಿಯಂ ಉಂಟು, ನಿಕ್ಕಲ್ ಇಲ್ಲ. ಅಂಟುತ್ತದೆಂದು ಅದು ನಕಲಿಯಲ್ಲ, ತುಕ್ಕೂ ಹಿಡಿಯುವುದಿಲ್ಲ. ಮಕ್ಕಳು ಮನೆಯಲ್ಲೇ ಮಾಡಬಹುದಾದ ಈ ಪ್ರಯೋಗಕ್ಕೆ ಖರ್ಚು ಒಂದು ರೂಪಾಯಿ, ಅದೂ ವಾಪಸು ಬರುತ್ತದೆ.

ಚಾಕುವಿಗೆ ಬೇಕಾದದ್ದು ಈ ಕುಟುಂಬದ ಮೂರನೆಯ ಕವಲು. ಕ್ರೋಮಿಯಂ ಹನ್ನೆರಡರಿಂದ ಹದಿನಾಲ್ಕು ಪಾಲು, ನಿಕ್ಕಲ್ ಇಲ್ಲವೆನ್ನುವಷ್ಟು ಕಡಿಮೆ, ಜೊತೆಗೆ ಪಾತ್ರೆಯ ಸ್ಟೀಲಿನಲ್ಲಿ ಬೇಡವೆಂದು ತೆಗೆಯುವ ಇಂಗಾಲ. ಅದು 420 ನಂಬರು. ಕತ್ತರಿ, ಊಟದ ಚಾಕು, ಆಸ್ಪತ್ರೆಯ ಎಷ್ಟೋ ಉಪಕರಣಗಳು ಇದರವೇ. ಹುಡುಗ ಪುಸ್ತಕ ತಿರುವಿ ಇಷ್ಟನ್ನು ಪತ್ತೆ ಮಾಡಿ, ಗುಜರಿಗಳಲ್ಲಿ ಅಲೆದು, ಅಯಸ್ಕಾಂತ ಅಂಟುವ 420ರ ಒಂದು ಪಟ್ಟಿ ಸಂಪಾದಿಸಿದ. ಮತ್ತೆ ಒಂದು ಭಾನುವಾರ ಹೋಯಿತು. ಈ ಸಲದ ಅಲಗು ಹೆಚ್ಚು ತೆಳು, ಹೆಚ್ಚು ಅಂದ.

ಫಲಿತಾಂಶ ಮೊದಲಿನದಕ್ಕಿಂತ ಕಳಪೆ. ಇದೂ ವಾರದೊಳಗೆ ಮೊಂಡಾಯಿತು. ಸಾಲದೆಂಬಂತೆ, ಹುಣಸೆಹಣ್ಣು ಬಿಡಿಸಿ ರಾತ್ರಿ ಸಿಂಕಿನಲ್ಲಿ ಹಾಗೆಯೇ ಬಿಟ್ಟಿದ್ದ ಅಲಗಿನ ಮೇಲೆ ಬೆಳಿಗ್ಗೆ ಕಂದು ಚುಕ್ಕೆಗಳು. ಸ್ಟೇನ್‌ಲೆಸ್ಸಿಗೆ ತುಕ್ಕು! ಗುಜರಿಯವನು ಮೋಸ ಮಾಡಿದನೆಂದು ಹುಡುಗ ಕೂಗಾಡಿದ. ಎರಡು ಭಾನುವಾರ ಹೋದದ್ದಕ್ಕಿಂತ, ಅಜ್ಜಿ ಆ ಚಾಕುವನ್ನು ಏನೂ ಅನ್ನದೆ ತೊಳೆದು ಅವನ ಕೈಗೆ ವಾಪಸು ಕೊಟ್ಟದ್ದು ಅವನಿಗೆ ಹೆಚ್ಚು ನಾಟಿತು.

ಅವನಿಗೆ ಗೊತ್ತಿರಲಿಲ್ಲ, ಇದೇ ಅವಮಾನವನ್ನು ನೂರು ವರ್ಷಗಳ ಹಿಂದೆ ಈ ಸ್ಟೀಲನ್ನು ಬಳಕೆಗೆ ತಂದವನೇ ಉಂಡಿದ್ದ.

ಇಂಗ್ಲೆಂಡಿನ ಶೆಫೀಲ್ಡ್ ಶತಮಾನಗಳಿಂದ ಚಾಕು ಕತ್ತರಿಗಳ ಊರು. ಅಲ್ಲಿ 1871ರಲ್ಲಿ ಹುಟ್ಟಿದ ಹ್ಯಾರಿ ಬ್ರೇರ್ಲಿ ಸ್ಟೀಲು ಕರಗಿಸುವ ಕೂಲಿಯ ಮಗ. ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟು, ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವ ಹುಡುಗನಾಗಿ ಸೇರಿದ. ರಾತ್ರಿ ಓದಿ, ಕೊನೆಗೆ ಒಂದು ಸಂಶೋಧನಾಲಯದ ಮುಖ್ಯಸ್ಥನಾದ. 1912ರಲ್ಲಿ ಅವನಿಗೆ ಬಂದ ಕೆಲಸಕ್ಕೂ ಅಡುಗೆಮನೆಗೂ ಸಂಬಂಧವಿರಲಿಲ್ಲ. ಬಂದೂಕಿನ ನಳಿಗೆ ಬಿಸಿ ಅನಿಲಕ್ಕೆ ಸವೆದುಹೋಗುತ್ತಿತ್ತು, ಅದಕ್ಕೆ ಪರಿಹಾರ ಹುಡುಕಬೇಕಿತ್ತು. 1913ರ ಆಗಸ್ಟಿನಲ್ಲಿ ಅವನು ಎರಕ ಹೊಯ್ಯಿಸಿದ ಸ್ಟೀಲಿನಲ್ಲಿ ಕ್ರೋಮಿಯಂ 12.8 ಪಾಲು, ಇಂಗಾಲ 0.24 ಪಾಲು. ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಮೊದಲು ಆಮ್ಲದಲ್ಲಿ ತುಸು ತಿನ್ನಿಸಬೇಕು. ಈ ತುಂಡನ್ನು ಆಮ್ಲ ತಿನ್ನಲೊಲ್ಲದು. ವಿನೆಗರ್ ಹಾಕಿದ, ನಿಂಬೆರಸ ಹಾಕಿದ, ಕಲೆಯಾಗಲಿಲ್ಲ. ಕಸದ ರಾಶಿಯಲ್ಲಿ ಒಂದು ತುಂಡು ಮಾತ್ರ ಹೊಳೆಯುತ್ತಿದ್ದುದನ್ನು ಕಂಡ ಎಂಬ ಕಥೆಯೂ ಉಂಟು. ಕಥೆ ಚೆನ್ನಾಗಿದೆ, ನಂಬಬೇಕೆಂದೇನೂ ಇಲ್ಲ.

ಶೆಫೀಲ್ಡಿನವನಲ್ಲವೆ, ಬ್ರೇರ್ಲಿಗೆ ಬಂದೂಕು ಮರೆತು ಚಾಕು ಕಂಡಿತು. ಅಂದಿನ ಊಟದ ಚಾಕುಗಳನ್ನು ಪ್ರತಿ ಊಟವಾದ ಮೇಲೂ ತಿಕ್ಕಿ ಒರೆಸಿ ಇಡಬೇಕಾಗಿತ್ತು, ನಮ್ಮ ಈಳಿಗೆಯಂತೆಯೇ. ಉತ್ಸಾಹದಿಂದ ಆ ಸ್ಟೀಲನ್ನು ಚಾಕು ಮಾಡುವವರಿಗೆ ಕೊಟ್ಟ. ಅವರು ಮಾಡಿ ನೋಡಿ, ಇದು ಬಡಿಯಲೂ ಬಗ್ಗದು, ಹರಿತವೂ ನಿಲ್ಲದು ಎಂದು ತಿರುಗಿಸಿದರು. 'ಕೊಯ್ಯದ ಚಾಕು ಕಂಡುಹಿಡಿದವನು' ಎಂದು ಊರವರು ನಕ್ಕರು. ಕೊನೆಗೆ ಅರ್ನೆಸ್ಟ್ ಸ್ಟುವರ್ಟ್ ಎಂಬ, ಚಾಕು ಕಾರ್ಖಾನೆಯೊಂದರ ಅನುಭವಿ ಮೇಲ್ವಿಚಾರಕ ತಾನು ನೋಡುತ್ತೇನೆಂದು ಒಪ್ಪಿದ. ಅವನೂ ಮೊದಲ ಪ್ರಯತ್ನಗಳಲ್ಲಿ ಸೋತ. ಆಮೇಲೆ ಸರಿಯಾದ ಬಿಸಿ ಸಿಕ್ಕಿತು, ಚಾಕು ಕೊಯ್ದಿತು. 'ತುಕ್ಕಿಲ್ಲದ ಸ್ಟೀಲು' ಎಂದು ಬ್ರೇರ್ಲಿ ಕರೆಯುತ್ತಿದ್ದುದನ್ನು 'ಸ್ಟೇನ್‌ಲೆಸ್' ಎಂದು ಕರೆದವನೂ ಸ್ಟುವರ್ಟನೇ. ತಪ್ಪು ಸ್ಟೀಲಿನದಾಗಿರಲಿಲ್ಲ, ಬೆಂಕಿಯದಾಗಿತ್ತು. ಹಳೆಯ ಸ್ಟೀಲಿಗೆ ಹಾಕುತ್ತಿದ್ದ ಹದವನ್ನೇ ಹೊಸದಕ್ಕೂ ಹಾಕುತ್ತಿದ್ದರು.

ಹುಡುಗನಂತೂ ಹದವನ್ನೇ ಹಾಕಿರಲಿಲ್ಲ. ಹದ ಹಾಕುವವನು ಪಕ್ಕದ ಕೋಣೆಯಲ್ಲೇ ಮಲಗಿದ್ದ.

"ಅದು ಮೆತ್ತಗಿನ ತಗಡು. ಕತ್ತರಿಸೋಕೆ ಅನುಕೂಲ ಆಗಲಿ ಅಂತ ಹಂಗೇ ಮಾಡಿ ಕಳಿಸ್ತಾರೆ" ಎಂದ ಅಪ್ಪ, ಕಂದು ಚುಕ್ಕೆಯನ್ನು ಉಗುರಿನಿಂದ ಕೆರೆಯುತ್ತ. "ಗುಜರಿಯವನದೇನೂ ಮೋಸ ಇಲ್ಲ. ಶನಿವಾರ ರಾತ್ರಿ ಶಿಫ್ಟಿಗೆ ನನ್ನ ಜೊತೆ ಬಾ. ಓನರ್‌ನ ಕೇಳಿರ್ತೀನಿ."

"ಮೊದಲನೇ ಚಾಕುಗೂ ಹಾಕಬಹುದಾ ಅಪ್ಪ?"

"ಅದನ್ನ ಕಾಯಿಸಿ ಅದ್ದಿದ್ರೆ ಇನ್ನೂ ಮೆತ್ತಗಾಗುತ್ತೆ. ಅದರ ಜಾತಿನೇ ಬೇರೆ."

ಚಾಕುವಿನ ಸ್ಟೀಲಿನಲ್ಲಿ ನಡೆಯುವ ಒಳಜಗಳ ಇಂಥದು. ಹರಿತಕ್ಕೆ ಗಡಸು ಬೇಕು, ಗಡಸಿಗೆ ಇಂಗಾಲ ಬೇಕು. ತುಕ್ಕು ತಡೆಯಲು ಕ್ರೋಮಿಯಂ ಬೇಕು. ಆದರೆ ಇಂಗಾಲಕ್ಕೆ ಕ್ರೋಮಿಯಂ ಎಂದರೆ ಪ್ರಾಣ. ಕಂಡಲ್ಲಿ ಅದನ್ನು ಹಿಡಿದು ಕಾರ್ಬೈಡ್ ಎಂಬ ಗಟ್ಟಿ ಹರಳಾಗಿ ಕುಳಿತುಬಿಡುತ್ತದೆ. ಒಂದು ಗ್ರಾಂ ಇಂಗಾಲ ಹತ್ತರಿಂದ ಹದಿನಾರು ಗ್ರಾಂ ಕ್ರೋಮಿಯಂ ಅನ್ನು ಹೀಗೆ ಕಟ್ಟಿಹಾಕಬಲ್ಲದು. ಕಟ್ಟಿಸಿಕೊಂಡ ಕ್ರೋಮಿಯಂ ಪೊರೆ ಕಟ್ಟುವ ಕೆಲಸಕ್ಕೆ ಬರುವುದಿಲ್ಲ. ಮೆತ್ತಗೆ ಮಾಡಿ ಮಾರುವ 420ರ ತಗಡಿನಲ್ಲಿ ಹೆಚ್ಚಿನ ಇಂಗಾಲ ಹೀಗೆ ಕ್ರೋಮಿಯಂ ಸಮೇತ ಮೂಲೆ ಹಿಡಿದಿರುತ್ತದೆ. ಗಡಸೂ ಇಲ್ಲ, ತುಕ್ಕಿಗೆ ತಡೆಯೂ ಕಡಿಮೆ. ಸಾವಿರ ಡಿಗ್ರಿಯ ಮೇಲೆ ಕಾಯಿಸಿದಾಗ ಆ ಹರಳುಗಳು ಕರಗಿ ಇಂಗಾಲವೂ ಕ್ರೋಮಿಯಂ ಕೂಡ ಕಬ್ಬಿಣದಲ್ಲಿ ಹರಡಿಕೊಳ್ಳುತ್ತವೆ. ಆಗ ತಟಕ್ಕನೆ ತಣಿಸಿಬಿಡಬೇಕು. ಸಂಜೆ ಶಿಫ್ಟು ಬಿಟ್ಟ ಹೊತ್ತಿನಲ್ಲಿ ಎಂಟನೇ ಮೈಲಿಯಲ್ಲಿ ಬಸ್ಸು ಹತ್ತಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಇಳಿಯಬೇಕಾದವರು ಇಳಿಯುವ ಮೊದಲೇ ಬಾಗಿಲು ಮುಚ್ಚಿ ಬಸ್ಸು ಹೊರಟರೆ ಒಳಗಿದ್ದವರೆಲ್ಲ ಸೆಟೆದು ನಿಲ್ಲಬೇಕಷ್ಟೆ, ಕೈಕಾಲು ಅಲ್ಲಾಡಿಸಲಾಗದು. ಹೊರಬರಲು ಸಮಯ ಸಿಗದ ಇಂಗಾಲ ಪರಮಾಣುಗಳು ಕಬ್ಬಿಣದ ಜೋಡಣೆಯನ್ನು ಹಾಗೆಯೇ ಸೆಟೆದು ನಿಲ್ಲಿಸುತ್ತವೆ. ಆ ಸೆಟೆತವೇ ಗಡಸು. ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಎಂಬ ವಿಜ್ಞಾನಿಯ ನೆನಪಿಗೆ ಅದನ್ನು ಮಾರ್ಟೆನ್ಸೈಟ್ ಎನ್ನುತ್ತಾರೆ. ಬಿಡುಗಡೆಯಾದ ಕ್ರೋಮಿಯಂ ಇತ್ತ ಪೊರೆ ಕಟ್ಟುವ ಕೆಲಸಕ್ಕೆ ಹಾಜರು. ಒಂದೇ ಬೆಂಕಿಯಲ್ಲಿ ಎರಡೂ ಕೆಲಸ.

ಹಾಗಿದ್ದರೆ ಇಂಗಾಲವನ್ನು ಇನ್ನಷ್ಟು ಹಾಕಬಾರದೇಕೆ? ಹಾಕುತ್ತಾರೆ. ಗಡ್ಡ ಹೆರೆಯುವ ಬ್ಲೇಡಿನಲ್ಲಿ ಕ್ರೋಮಿಯಂ ಹದಿಮೂರು ಪಾಲೇ ಆದರೂ ಇಂಗಾಲ 420ರ ಎರಡರಷ್ಟು. 440ಸಿ ಎಂಬುದರಲ್ಲಿ ಇಂಗಾಲ ಒಂದು ಪಾಲಿನಷ್ಟು. ಅದು ಕಟ್ಟಿಹಾಕಿದ ಮೇಲೂ ಉಳಿಯಲೆಂದು ಕ್ರೋಮಿಯಂ ಹದಿನೇಳರ ಆಸುಪಾಸು. ಹರಿತ ಬಹುಕಾಲ ನಿಲ್ಲುತ್ತದೆ, ಆದರೆ ಮೊಂಡಾದಾಗ ಮನೆಯ ಕಲ್ಲಿನಲ್ಲಿ ಮಸೆಯಲು ಕೈ ಸೋಲುತ್ತದೆ. ಕೆಳಗೆ ಬಿದ್ದರೆ ತುದಿ ಮುರಿಯುವ ಭಯವೂ ಉಂಟು. ಜರ್ಮನಿಯವರು ಅಡುಗೆ ಚಾಕುಗಳಿಗೆ ಅರ್ಧ ಪಾಲು ಇಂಗಾಲ, ಹದಿನೈದು ಪಾಲು ಕ್ರೋಮಿಯಂ, ಚೂರು ಮಾಲಿಬ್ಡಿನಂ ಮತ್ತು ವೆನೇಡಿಯಂ ಎಂದು ನಡುವಿನ ದಾರಿ ಹಿಡಿದಿದ್ದಾರೆ. ಅಜ್ಜಿಯ ಚಾಕು ಅಷ್ಟು ದೂರ ಹೋಗಬೇಕಾಗಿರಲಿಲ್ಲ.

ಶನಿವಾರ ರಾತ್ರಿ ಹುಡುಗ ಅಪ್ಪನ ಕೆಲಸದ ಜಾಗವನ್ನು ಮೊದಲ ಬಾರಿಗೆ ಕಂಡ. ಮಾಕಳಿಯಿಂದ ಪೀಣ್ಯ ಎಷ್ಟು ದೂರ? 2024ರ ನವೆಂಬರಿನಲ್ಲಿ ಮಾದಾವರದವರೆಗೆ ಮೆಟ್ರೊ ಬಂದ ಮೇಲೆ ಇನ್ನೂ ಹತ್ತಿರವಾಗಿದೆ. ಆದರೂ ಹತ್ತೊಂಬತ್ತು ವರ್ಷದಲ್ಲಿ ಅವನು ಒಮ್ಮೆಯೂ ಹೋಗಿರಲಿಲ್ಲ, ಅಪ್ಪ ಕರೆದೂ ಇರಲಿಲ್ಲ. ತಗಡಿನ ಮಾಡು, ಎಣ್ಣೆಯ ಹೊಗೆ, ಡಿಸೆಂಬರಿನ ಚಳಿಯಲ್ಲೂ ಬೆವರು. ಕುಲುಮೆಯ ಬಿಸಿ ತೋರಿಸುವ ಮೀಟರ್ ಇದ್ದರೂ ಅಪ್ಪ ಬಾಗಿಲು ಒಂದಿಷ್ಟು ಸರಿಸಿ ಒಳಗಿನ ಬಣ್ಣ ನೋಡಿ, "ಇನ್ನೂ ಹತ್ತು ನಿಮಿಷ" ಎನ್ನುತ್ತಿದ್ದ. ಮೀಟರ್ ಆಮೇಲೆ ಒಪ್ಪಿಕೊಳ್ಳುತ್ತಿತ್ತು. ಅವನ ಮುಂಗೈ ಮೇಲಿನ ಬಿಳಿ ಮಚ್ಚೆಗಳೆಲ್ಲ ಎಣ್ಣೆ ಸಿಡಿದವೆಂದು ಹುಡುಗನಿಗೆ ತಿಳಿದದ್ದು ಅಲ್ಲಿ, ತೊಟ್ಟಿಗೆ ಬಿದ್ದ ಕೆಂಡದಂಥ ಗೇರೊಂದು ಬುಸ್ಸೆಂದಾಗ.

ಚಾಕುವನ್ನು 1,020 ಡಿಗ್ರಿಗೆ ಏರಿಸಿದರು. ಕಿತ್ತಳೆಗಿಂತ ಹಳದಿಯ ಕಡೆಗೆ ವಾಲಿದ ಬಣ್ಣ. ಇಕ್ಕಳದಿಂದ ಹಿಡಿದು, ಮೊನೆ ಕೆಳಗಾಗಿ ನೇರವಾಗಿ ಎಣ್ಣೆಗೆ ಇಳಿಸಿದ ಅಪ್ಪ. ಓರೆಯಾದರೆ ಅಲಗು ಸೊಟ್ಟಗಾಗುತ್ತದೆ. ನೇರವಾಗಿ ಇಳಿಸಿದರೂ ತುಸು ಸೊಟ್ಟಗಾಯಿತು. ಬಿಸಿ ಪೂರ್ತಿ ಆರುವ ಮೊದಲು ಎರಡು ಹಲಗೆಯ ನಡುವೆ ಒತ್ತಿ ಸರಿಮಾಡಿದ. ಆಗಿನ ಅಲಗು ಗಾಜಿನಂತೆ, ಕೆಳಗೆ ಬಿದ್ದರೆ ಚೂರಾದೀತು. ಅದರ ಸಿಟ್ಟು ಇಳಿಸಲು 180 ಡಿಗ್ರಿಯಲ್ಲಿ ಎರಡು ಗಂಟೆ ಇಡಬೇಕು. ಅವಸರಪಟ್ಟು 500 ಡಿಗ್ರಿಗೆ ಏರಿಸಿದರೆ ಕ್ರೋಮಿಯಂ ಮತ್ತೆ ಇಂಗಾಲದ ಪಾಲಾಗಿ ತುಕ್ಕು ಬರಲು ದಾರಿಯಾಗುತ್ತದೆ. ಆ ಎರಡು ಗಂಟೆ ತಂದೆ ಮಗ ಚಹಾ ಕುಡಿಯುತ್ತ ಕುಳಿತರು. ಇಪ್ಪತ್ತೆರಡು ವರ್ಷದ ಮಾತು ಆ ಎರಡು ಗಂಟೆಯಲ್ಲಿ ಬಂತು. ಯಾವ ಲೋಹ ಯಾವ ಬಿಸಿಗೆ ಹೇಗೆ ವರ್ತಿಸುತ್ತದೆ, ಯಾವ ವರ್ಷ ಯಾವ ಬ್ಯಾಚು ಬಿರುಕು ಬಿಟ್ಟು ವಾಪಸು ಬಂತು, ಆ ತಿಂಗಳು ಸಂಬಳ ಹೇಗೆ ತಡವಾಯಿತು, ಎಲ್ಲ. ಮಗ ಮಧ್ಯೆ ಮಧ್ಯೆ ಫೋನಿನಲ್ಲಿ ಬರೆದುಕೊಂಡ. ಅಪ್ಪ ನೋಡಿಯೂ ನೋಡದಂತೆ ಇದ್ದ.

ಬೆಳಗಿನ ಜಾವ ವಜ್ರದ ಮೊನೆಯನ್ನು 150 ಕಿಲೊ ಭಾರದಲ್ಲಿ ಒತ್ತುವ ರಾಕ್‌ವೆಲ್ ಯಂತ್ರ 52 ತೋರಿಸಿತು. ಹಿಡಿಯ ಕೆಳಗೆ ಮುಚ್ಚಿಹೋಗುವ ಕಡೆಯಲ್ಲೇ ಒತ್ತಿದ್ದರು.

ಮನೆಯಲ್ಲಿ ಸಾಣೆ ಹಿಡಿಯುವಾಗ ಅಪ್ಪ ಪಕ್ಕದಲ್ಲಿ ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಕುಳಿತ. ಎರಡು ಸಲ ಉಜ್ಜಿದರೆ ಒಮ್ಮೆ ನೀರಿಗೆ. ತೆಳು ಅಂಚು ಕಾದು ನೀಲಿಯಾಯಿತೋ, ಅಷ್ಟು ಜಾಗದ ಹದ ಹೋಯಿತು, ಇಡೀ ರಾತ್ರಿಯ ಕೆಲಸ ಮಣ್ಣಾಯಿತು.

ಅಜ್ಜಿ ಹೊಸ ಚಾಕುವನ್ನು ಕೈಗೆ ತೆಗೆದುಕೊಂಡು ಮೊದಲು ಹೆಬ್ಬೆರಳಿನ ಉಗುರಿನ ಮೇಲೆ ಅಲಗನ್ನು ಹಗುರಾಗಿ ಇಟ್ಟು ನೋಡಿದಳು. ಜಾರಲಿಲ್ಲ, ಕಚ್ಚಿ ನಿಂತಿತು. ಅವಳ ಕಣ್ಣು ಅರಳಿತು. "ಉಕ್ಕು ಹಾಕ್ಸಿದ್ಯೇನ್ಲಾ?"

ಅವಳ ಕಾಲದಲ್ಲಿ ಕೊಡಲಿ, ಕುಡುಗೋಲು ಸವೆದರೆ ಕುಲುಮೆಗೆ ಒಯ್ದು ಉಕ್ಕು ಹಾಕಿಸುತ್ತಿದ್ದರು. ಮೆತ್ತಗಿನ ಕಬ್ಬಿಣದ ಬಾಯಿಗೆ ಗಟ್ಟಿ ಉಕ್ಕಿನ ತುಂಡನ್ನು ಕಾಯಿಸಿ ಬಡಿದು ಕೂಡಿಸುವುದು. ಅಟ್ಟದ ಮೇಲಿನ ಈಳಿಗೆಯ ಅಲಗೂ ಊರ ಕಮ್ಮಾರ ಮಾಡಿದ್ದೇ. ಬಾಳೆಕಾಯಿ ಹೆಚ್ಚಿದರೆ ಕಪ್ಪಾಗುತ್ತಿತ್ತು, ಒರೆಸದಿದ್ದರೆ ತುಕ್ಕು ಹಿಡಿಯುತ್ತಿತ್ತು, ಆದರೆ ಹರಿತವೆಂದರೆ ಹರಿತ.

ಅಜ್ಜಿ ಆಡಿದ ಆ ಒಂದು ಪದಕ್ಕೆ ದೊಡ್ಡ ಚರಿತ್ರೆಯಿದೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಇಲ್ಲಿನವರು ಕಬ್ಬಿಣವನ್ನು ತಂಗಡಿ ಕಡ್ಡಿ, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ಕಾಯಿಸಿ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಡ್ಡಿ, ಎಲೆಯೇ ಇಂಗಾಲ. ಅದಕ್ಕೂ ಮುಂಚೆ, 1794ರಲ್ಲಿ, ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಇಂಥ ಉಕ್ಕಿನ ಗಟ್ಟಿಗಳನ್ನು ಲಂಡನ್ನಿಗೆ ಕಳಿಸಿದ್ದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ರಾಯಲ್ ಸೊಸೈಟಿಗೆ ಪ್ರಬಂಧ ಬರೆದ. ಅಲ್ಲಿ ಅದರ ಹೆಸರು 'ವೂಟ್ಸ್'. ಉಕ್ಕು ಎಂಬ ಕನ್ನಡ ಪದವೇ ಕೇಳಿಸಿಕೊಂಡವರ ಕಿವಿಯಲ್ಲಿ, ಬರೆದವರ ಕೈಯಲ್ಲಿ ಹಾಗಾಯಿತೆಂದು ವಿದ್ವಾಂಸರ ಅಭಿಪ್ರಾಯ. ಬೆಂಗಳೂರಿನವರೇ ಆದ ಶಾರದಾ ಶ್ರೀನಿವಾಸನ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಈ ಉಕ್ಕಿನ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ವೂಟ್ಸ್‌ಗೆ ಮನಸೋತು, ಅದನ್ನು ತಾವೇ ಮಾಡಬೇಕೆಂದು ಒಬ್ಬ ಯುವಕನ ಜೊತೆ ಪ್ರಯೋಗಕ್ಕಿಳಿದ. ಆ ಯುವಕ ಮೈಕೆಲ್ ಫ್ಯಾರಡೆ. ವಿದ್ಯುತ್ತಿಗೆ ಹೆಸರಾಗುವ ಮುನ್ನ ಅವನು ಉಕ್ಕಿನ ಹಿಂದೆ ಬಿದ್ದಿದ್ದ, ಕಮ್ಮಾರನ ಮಗನಲ್ಲವೆ! ಉಕ್ಕಿನ ಶಕ್ತಿ ಅದರಲ್ಲಿ ಬೆರೆತ ಅಲ್ಯೂಮಿನಿಯಂನಂಥ ವಸ್ತುಗಳದೆಂದು ಅವನು ಊಹಿಸಿದ. ಊಹೆ ತಪ್ಪಾಗಿತ್ತು, ಅದು ನೂರಕ್ಕೆ ಒಂದೂವರೆ ಪಾಲಿನಷ್ಟಿದ್ದ ಇಂಗಾಲದ ಮಹಿಮೆ. ಆದರೆ ಆ ತಪ್ಪು ಊಹೆಯ ಬೆನ್ನು ಹತ್ತಿ ಅವರು ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಮುಂತಾದವನ್ನೆಲ್ಲ ಬೆರೆಸಿ 1820ರಲ್ಲಿ ಪ್ರಕಟಿಸಿದರು. ಅದನ್ನು ನೋಡಿ ಫ್ರಾನ್ಸಿನ ಪಿಯರ್ ಬರ್ತಿಯೆ 1821ರಲ್ಲಿ ಕ್ರೋಮಿಯಂ ಬೆರೆಸಿದ. ಆಮ್ಲಕ್ಕೆ ಬಗ್ಗದ ಈ ಮಿಶ್ರಣ ಚಾಕು ಕತ್ತರಿಗಳಿಗೆ ಒದಗಬಹುದೆಂದೂ ಬರೆದ. ಅಲ್ಲಿಂದ ಬ್ರೇರ್ಲಿಯ ಎರಕಕ್ಕೆ ಇನ್ನು ತೊಂಬತ್ತೆರಡು ವರ್ಷ.

ಮೊಮ್ಮಗ ಇದನ್ನೆಲ್ಲ ಅಜ್ಜಿಗೆ ಹೇಳಿದ. ಅವಳು ಕೇಳಿಸಿಕೊಂಡದ್ದು ತಂಗಡಿ ಕಡ್ಡಿಯವರೆಗೆ. "ತಂಗಡಿ ನಮ್ಮ ಹೊಲದ ಬದೀಲೆಲ್ಲ ಐತೆ" ಎಂದು ಹೇಳಿ, ಟೊಮೆಟೊದ ಬುಟ್ಟಿ ಎಳೆದುಕೊಂಡಳು. ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ತಾನು ಮಾಡಿದ ಕಾನೂನು ಅವನಿಗೂ ನೆನಪಿತ್ತು, ಅವಳಿಗೂ ನೆನಪಿತ್ತು. ಅಲಗು ತನ್ನ ಭಾರಕ್ಕೇ ಸಿಪ್ಪೆಯೊಳಗೆ ಇಳಿಯಿತು, ಒತ್ತಬೇಕಾಗಲಿಲ್ಲ. ನಾಲ್ಕು ಹಣ್ಣು ಹೆಚ್ಚಿದಳು. ಐದನೆಯದಕ್ಕೆ ಕೈ ಹಾಕಿದಾಗ ಮಗ ಏನೂ ಅನ್ನದೆ ಸ್ನಾನಕ್ಕೆ ಹೋದ.

"ಹಿಡಿ ಸಣ್ಣ ಆಯ್ತು ಕಣೋ, ಕೈ ತುಂಬಲ್ಲ" ಎಂದು ಮೊಮ್ಮಗನಿಗೆ ತಕರಾರು ಹೇಳಿದಳು. ಮುಂದಿನ ಭಾನುವಾರಕ್ಕೆ ಅವನಿಗೆ ಕೆಲಸ ಸಿಕ್ಕಿತು.

ಹೆಚ್ಚಿ ಮುಗಿಸಿ, ಚಾಕುವನ್ನು ತೊಳೆದು, ಐವತ್ತು ವರ್ಷದ ಅಭ್ಯಾಸದಂತೆ ಸೆರಗಿನ ಅಂಚಿನಿಂದ ಅಲಗನ್ನು ಒರೆಸತೊಡಗಿದಳು.

"ಅದು ಸ್ಟೇನ್‌ಲೆಸ್ಸು ಅತ್ತೆ, ಒರೆಸೋದು ಬೇಕಿಲ್ಲ" ಎಂದಳು ಸೊಸೆ, ಟಿಫಿನ್ ಡಬ್ಬಿ ಮುಚ್ಚುತ್ತ.

"ಒರೆಸಲಿ ಬಿಡಮ್ಮ" ಎಂದ ಹುಡುಗ. "ಉಪ್ಪು, ಹುಣಸೆಹುಳಿ ರಾತ್ರಿಯೆಲ್ಲ ಇದ್ದರೆ ಇದಕ್ಕೂ ಕಲೆ ಬೀಳುತ್ತೆ."

ಅಜ್ಜಿ ಅಲಗನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಸಲ ಒರೆಸಿ, ಒಲೆಯ ಪಕ್ಕದ ಗೂಡಿನಲ್ಲಿ ತನ್ನ ಕೈಗೆ ಎಟುಕುವ ಕಡೆ ಇಟ್ಟಳು.